ಮಂಗನ ಕಾಯಿಲೆಯ ಅನ್ವಯ

ಹಳಗನ್ನಡದ ಪದ್ಯವೊಂದನ್ನು ಪಾಠ ಹೇಳುವಾಗ ಕನ್ನಡ ಪಂಡಿತರು ಮಕ್ಕಳನ್ನು ಮೂರು ಮೆಟ್ಟಿಲು ಹತ್ತಿಸುವುದು ಹಳೆಯ ವಾಡಿಕೆ. ಮೊದಲನೆಯದು ಪದವಿಭಾಗ: ಸಂಧಿಗಳನ್ನು ಬಿಡಿಸಿ ಒಂದೊಂದು ಪದಕ್ಕೂ ಅರ್ಥ ಹೇಳುವುದು. ಎರಡನೆಯದು ಅನ್ವಯ: ಯಾವ ಕರ್ತೃವಿಗೆ ಯಾವ ಕ್ರಿಯೆ, ಯಾವ ವಿಶೇಷಣ ಯಾವ ನಾಮಪದಕ್ಕೆ ಎಂದು ಪದಗಳನ್ನು ಹೊಂದಿಸಿ ಕೂಡಿಸುವುದು. ಮೂರನೆಯದು ತಾತ್ಪರ್ಯ. ಸುಮಾರು ಮೂವತ್ತು ವರ್ಷಗಳ ನನ್ನ ಮಾಸ್ತರಿಕೆಯಲ್ಲಿ ಪ್ರತಿವರ್ಷವೂ ಒಂದಿಬ್ಬರು ಹುಡುಗರನ್ನು ಕಂಡಿದ್ದೇನೆ. ಪದಗಳ ಅರ್ಥವೆಲ್ಲ ಅವರ ನಾಲಗೆಯ ತುದಿಯಲ್ಲಿರುತ್ತದೆ. ಆದರೆ “ಪದ್ಯ ಏನು ಹೇಳುತ್ತದಪ್ಪಾ?” ಎಂದು ಕೇಳಿದರೆ ಗೋಡೆಯ ಕಡೆ ನೋಡುತ್ತಾರೆ. ಪದಾರ್ಥ ಬಲ್ಲವನಿಗೆ ವಾಕ್ಯಾರ್ಥವೂ ತಾನಾಗಿಯೇ ತಿಳಿದುಬಿಡುತ್ತದೆಂಬ ನಿಯಮವೇನೂ ಇಲ್ಲ.

ವಾಚಕ ಮಹಾಶಯರೆ, ವ್ಯಾಕರಣದ ಈ ಮಾತಿನಿಂದ ನಾನು ಇಂದು ಆರಂಭಿಸಿರುವುದಕ್ಕೆ ಕಾರಣವುಂಟು. ಆಧುನಿಕ ವಿಜ್ಞಾನಕ್ಕೂ ಇದೇ ಪಾಡು ಒದಗಿತು. ವಿಜ್ಞಾನವು ಬೆಳೆದುದೇ ಪದವಿಭಾಗದಿಂದ. ವೈದ್ಯನು ಜ್ವರವನ್ನು ಬಲ್ಲ. ಸಸ್ಯಶಾಸ್ತ್ರಜ್ಞನು ಮರವನ್ನು ಬಲ್ಲ. ಪಶುವೈದ್ಯನು ದನವನ್ನು ಬಲ್ಲ. ಅರ್ಥಶಾಸ್ತ್ರಜ್ಞನು ರೂಪಾಯಿಯನ್ನು ಬಲ್ಲ. ಒಬ್ಬೊಬ್ಬರ ಜ್ಞಾನವೂ ಆಳವಾದುದೇ. ಆದರೆ ನಮ್ಮ ಕಷ್ಟಗಳು ಇಲಾಖೆಗಳನ್ನು ಕೇಳಿ ಬರುವುದಿಲ್ಲ. ಕಾಡಿನಲ್ಲಿ ಹುಟ್ಟಿದ ಕಷ್ಟವು ಕೊಟ್ಟಿಗೆಯನ್ನು ಹಾದು, ಗುಡಿಸಲಿನಲ್ಲಿ ಜ್ವರವಾಗಿ ಮಲಗಿ, ಸಂತೆಯಲ್ಲಿ ಸಾಲವಾಗಿ ಮುಗಿಯುತ್ತದೆ. ಅದನ್ನು ಯಾವ ಶಾಸ್ತ್ರದ ಕಪಾಟಿನಲ್ಲಿಡಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಬಂದುದು ‘ಸಮಗ್ರ ವ್ಯವಸ್ಥೆಯ ದೃಷ್ಟಿ’. ಆಸ್ಟ್ರಿಯದಲ್ಲಿ ಹುಟ್ಟಿದ ಜೀವವಿಜ್ಞಾನಿ ಲೂಡ್ವಿಗ್ ವಾನ್ ಬರ್ಟಲಾನ್ಫಿ ಎಂಬವರು ೧೯೬೮ರಲ್ಲಿ ಈ ವಿಚಾರವನ್ನು ಕುರಿತ ತಮ್ಮ ಬರೆಹಗಳನ್ನು ಗ್ರಂಥರೂಪದಲ್ಲಿ ಹೊರತಂದರು. ಭಾಗಗಳನ್ನು ಎಷ್ಟೇ ಚೆನ್ನಾಗಿ ಅರಿತರೂ, ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅರಿಯದೆ ಇಡಿಯ ನಡತೆ ತಿಳಿಯದೆಂಬುದು ಅದರ ಸಾರ. ನಮ್ಮ ಹಿರಿಯರು ಇದನ್ನು ಅಂಧಗಜನ್ಯಾಯವೆಂದು ಕರೆದಿದ್ದಾರೆ. ಆನೆಯನ್ನು ಮುಟ್ಟಿದ ಕುರುಡರಲ್ಲಿ ಒಬ್ಬನೂ ಸುಳ್ಳಾಡಲಿಲ್ಲ. ಕಂಬವೆಂದವನೂ ನಿಜವನ್ನೇ ನುಡಿದ, ಮೊರವೆಂದವನೂ ನಿಜವನ್ನೇ ನುಡಿದ. ಅವರು ಒಂದು ಜಗಲಿಯ ಮೇಲೆ ಕುಳಿತು ಮಾತಾಡಲಿಲ್ಲ, ಅಷ್ಟೇ ಅವರ ತಪ್ಪು.

ಇಂಥ ವಿಚಾರವನ್ನು ಬರಿಯ ತತ್ತ್ವವಾಗಿ ಹೇಳಿದರೆ ಗಾಳಿಯಲ್ಲಿ ಹೋಗುತ್ತದೆ. ಒಂದು ಉದಾಹರಣೆ ಬೇಕು. ಅದಕ್ಕಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಮಲೆನಾಡಿನಲ್ಲಿಯೇ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಜಗತ್ತಿನ ವಿಜ್ಞಾನಿಗಳೆಲ್ಲ ಬಂದು ಓದಿದ ಪಾಠವೊಂದಿದೆ. ಶಾಸ್ತ್ರದಲ್ಲಿ ಅದಕ್ಕೆ ಕ್ಯಾಸನೂರು ಅರಣ್ಯ ರೋಗವೆಂದು ಹೆಸರು. ಜನ ಕರೆಯುವುದು ಮಂಗನ ಕಾಯಿಲೆ ಎಂದು.

ನನಗೂ ಆ ಪಾಠ ಪುಸ್ತಕದಿಂದ ಬರಲಿಲ್ಲ. ಕೆಲವು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳಲ್ಲಿ, ಕಾಡಂಚಿನ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹನ್ನೆರಡು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಎಲ್ಲರ ಎದುರಿಗೆ ನಿಲ್ಲಿಸಿ ಗದರಿದೆ. “ಅಪ್ಪಯ್ಯನಿಗೆ ಜ್ವರ ಸಾರ್. ಅಮ್ಮನ ಜತೆ ದರಗು ತರಲಿಕ್ಕೆ ಹೋಗ್ತಿದ್ದೆ” ಎಂದಳು. ಇದು ಎಲ್ಲ ಮಕ್ಕಳೂ ಹೇಳುವ ನೆಪವೆಂದುಕೊಂಡು, ಹಾಜರಿ ಪುಸ್ತಕದಲ್ಲಿ ಹಾಕಿದ್ದ ಗುರುತುಗಳನ್ನು ತೋರಿಸಿ, “ಪರೀಕ್ಷೆ ಹತ್ತಿರ ಬಂತು, ನೆನಪಿದೆಯೆ?” ಎಂದೆ. ಅವಳು ತಲೆ ತಗ್ಗಿಸಿಕೊಂಡು ಹೋಗಿ ತನ್ನ ಜಾಗದಲ್ಲಿ ಕುಳಿತಳು. ವಾರದ ಮೇಲೆ ತಿಳಿಯಿತು: ಆಕೆಯ ತಂದೆಗೆ ಬಂದುದು ಮಂಗನ ಕಾಯಿಲೆ. ಅವರು ಬದುಕಿ ಉಳಿದರು. ಆದರೆ ಆ ಬೇಸಿಗೆಯಿಡೀ ಕೆಲಸಕ್ಕೆ ಹೋಗುವ ಶಕ್ತಿ ಬರಲಿಲ್ಲ. ಕಾಡಿನಲ್ಲಿ ರೋಗವಿದ್ದ ಆ ದಿನಗಳಲ್ಲಿಯೇ ಆ ತಾಯಿ ಮಗಳು, ಮನೆಯೊಲೆ ಉರಿಯಬೇಕಾದುದರಿಂದ, ಅದೇ ಕಾಡಿಗೆ ಹೋಗುತ್ತಿದ್ದರು. ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕದಲ್ಲಿ ಒಂದು ಪದವಿತ್ತು. ಆ ಪದ ಯಾವ ವಾಕ್ಯಕ್ಕೆ ಸೇರಿದ್ದೆಂದು ನಾನು ನೋಡಲಿಲ್ಲ.

ಬನ್ನಿ, ಆ ವಾಕ್ಯವನ್ನು ತರಗತಿಯ ಕ್ರಮದಲ್ಲಿಯೇ ಬಿಡಿಸೋಣ.

ಪದವಿಭಾಗ

೧೯೫೭ರ ಆರಂಭದ ತಿಂಗಳುಗಳಲ್ಲಿ, ಅಂದಿನ ಮೈಸೂರು ರಾಜ್ಯದ ಸೊರಬ ಮತ್ತು ಸಾಗರ ಸೀಮೆಯ ಕಾಡುಗಳಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಕಾಡಿಗೆ ಹೋಗಿಬರುವ ಜನಕ್ಕೆ ಭಾರೀ ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು. ಕೆಲವರಿಗೆ ಮೂಗು ಬಾಯಿಗಳಲ್ಲಿ ರಕ್ತ. ಮಂಗ ಸತ್ತ ಕಡೆ ಮನುಷ್ಯನಿಗೂ ಜ್ವರ ಬರುವುದೆಂದು ಮೊದಲು ಗಮನಿಸಿದವರು ಹಳ್ಳಿಯ ಜನರೇ. ಕಾಯಿಲೆಗೆ ಅವರಿಟ್ಟ ಹೆಸರೇ ಅದಕ್ಕೆ ಸಾಕ್ಷಿ.

ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರಕ್ಕೆ ಸುದ್ದಿ ಹೋಯಿತು. ಇಂದು ಅದಕ್ಕೆ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯೆಂದು ಹೆಸರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದೆಂದರೆ, ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ ಏಷ್ಯಕ್ಕೂ ಬಂತೇನೋ ಎಂಬ ಭಯ ಅಲ್ಲಿಯವರಿಗೆ. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಕಾಡಿಗೆ ಬಂದು, ಸತ್ತ ಮಂಗಗಳಿಂದ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಕೆಲವು ರೋಗಗಳ ವೈರಸ್ಸಿಗೆ ದಾಯಾದಿಯಾದ, ಆದರೆ ಅದುವರೆಗೆ ಯಾರೂ ಕಂಡಿರದ ಹೊಸ ವೈರಸ್ಸು ಅದು.

ಮೊದಲ ಪದ ದೊರೆಯಿತು: ವೈರಸ್.

ಎರಡನೆಯ ಪದ ಉಣ್ಣೆ. ಕಂಬಳಿ ನೇಯುವ ಉಣ್ಣೆಯಲ್ಲ. ದನದ ಕಿವಿಯಲ್ಲಿ, ಕೆಚ್ಚಲ ಬುಡದಲ್ಲಿ ಕಚ್ಚಿಕೊಂಡು ರಕ್ತ ಹೀರಿ ಉಬ್ಬುವ ಹುಳು. ಉಣುಗು ಎಂದೂ ಅನ್ನುತ್ತಾರೆ. ಅದರ ಬಾಳಿನಲ್ಲಿ ಮೊಟ್ಟೆ ಕಳೆದ ಮೇಲೆ ಮೂರು ಅವಸ್ಥೆಗಳು: ಮರಿ, ಎಳೆಯದು, ಬಲಿತದ್ದು. ಒಂದೊಂದು ಅವಸ್ಥೆಯಲ್ಲಿ ಒಂದು ಸಾರಿ ಹೊಟ್ಟೆ ತುಂಬ ರಕ್ತ ಹೀರಿ ನೆಲಕ್ಕೆ ಉದುರಿ ಬೀಳುವುದು ಅದರ ಪದ್ಧತಿ.

ಮೂರನೆಯ ಪದ ಮಂಗ. ನಮ್ಮ ಕಾಡುಗಳಲ್ಲಿ ಕರಿಮೋರೆಯ ಮುಸುವ, ಸಾಮಾನ್ಯ ಮಂಗ ಎರಡೂ ಈ ರೋಗಕ್ಕೆ ತುತ್ತಾಗುತ್ತವೆ. ಮುಸುವಗಳು ಹೆಚ್ಚು ಸಾಯುತ್ತವೆ. ನಾಲ್ಕನೆಯದು ಇಲಿ, ಸೊಂಡಿಲಿಗಳಂಥ ಸಣ್ಣ ಪ್ರಾಣಿಗಳು. ವೈರಸ್ಸನ್ನು ಸದ್ದಿಲ್ಲದೆ ಕಾಡಿನಲ್ಲಿ ಉಳಿಸಿಕೊಂಡು ಬರುವುದರಲ್ಲಿ ಇವುಗಳ ಪಾಲುಂಟು. ಐದನೆಯದು ದನ. ಆರನೆಯದು ಕಾಡು. ಏಳನೆಯದು ಮನುಷ್ಯ: ಸೌದೆಗೆ, ಸೊಪ್ಪಿಗೆ, ದರಗಿಗೆ, ದನ ಕಾಯಲಿಕ್ಕೆ ಕಾಡಿಗೆ ಹೋಗುವವನು, ಹೋಗುವವಳು.

ಪದಗಳೇನೋ ಸಿಕ್ಕಿದವು. ಆದರೆ ಅನ್ವಯ ಕೂಡದೆ ಅರ್ಥಮಾಡಲು ಹೊರಟರೆ ಏನಾಗುವುದೆಂಬುದಕ್ಕೆ ಆ ದಿನಗಳಲ್ಲಿಯೇ ಒಂದು ನಿದರ್ಶನವಿದೆ. ವೈರಸ್ಸು ರಷ್ಯದ ವೈರಸ್ಸಿನ ದಾಯಾದಿ. ಚಳಿಗಾಲದಲ್ಲಿ ಉತ್ತರದ ಹಕ್ಕಿಗಳು ನಮ್ಮ ನಾಡಿಗೆ ವಲಸೆ ಬರುತ್ತವೆ. ಆದುದರಿಂದ ಹಕ್ಕಿಗಳೇ ತಮ್ಮ ಮೈಮೇಲಿನ ಉಣ್ಣೆಗಳ ಮೂಲಕ ಇದನ್ನು ತಂದಿರಬಹುದೆಂಬ ಊಹೆ ಹುಟ್ಟಿತು. ಊಹೆ ಸೊಗಸಾಗಿಯೇ ಇತ್ತು. ೧೯೫೯ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳುತನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ವಲಸೆಯನ್ನು ಅಭ್ಯಾಸಮಾಡಿತು. ಪಕ್ಷಿಶಾಸ್ತ್ರಕ್ಕೆ ಅದರಿಂದ ಬಹಳ ಲಾಭವಾಯಿತು. ಆದರೆ ಕ್ಯಾಸನೂರಿನ ರೋಗವನ್ನು ಹೊತ್ತು ತಂದದ್ದು ಹಕ್ಕಿಯೇ ಎಂಬುದಕ್ಕೆ ಗಟ್ಟಿಯಾದ ಪುರಾವೆ ದೊರೆಯಲಿಲ್ಲ. ಕಷ್ಟದ ಕಾರಣವನ್ನು ದೂರದಿಂದ ಹಾರಿ ಬಂದವರ ಮೇಲೆ ಹಾಕುವುದು ಸುಲಭ. ಮನೆಯ ಹಿತ್ತಿಲಲ್ಲಿ ಏನು ಬದಲಾಯಿತೆಂದು ನೋಡುವುದು ಕಷ್ಟ.

ಅನ್ವಯ

ಹಿತ್ತಿಲನ್ನು ನೋಡಿದವರೂ ಇದ್ದರು. ಹೆರಾಲ್ಡ್ ಟ್ರಾಪಿಡೊ, ಪಿ. ಕೆ. ರಾಜಗೋಪಾಲನ್, ಕೊಲಂಬಿಯ ದೇಶದ ವೈದ್ಯ ಬೊಷೆಲ್ ಮೊದಲಾದವರು ವರ್ಷಗಟ್ಟಲೆ ಈ ಕಾಡುಗಳಲ್ಲಿ ನಡೆದರು. ನೆಲದ ಮೇಲೆ ಬಟ್ಟೆ ಎಳೆದು ಉಣ್ಣೆಗಳನ್ನು ಹಿಡಿದರು. ಯಾವ ತಿಂಗಳಲ್ಲಿ ಯಾವ ವಯಸ್ಸಿನ ಉಣ್ಣೆ, ಯಾವ ಪ್ರಾಣಿಯ ಮೈಮೇಲೆ, ಎಷ್ಟು ಎಂದು ಎಣಿಸಿದರು. ಎಣಿಕೆಯಿಂದ ಕೂಡಿಬಂದ ಅನ್ವಯ ಹೀಗಿದೆ.

ಮಳೆಗಾಲದಲ್ಲಿ ಉಣ್ಣೆ ಬಲಿತಿರುತ್ತದೆ. ಬಲಿತ ಉಣ್ಣೆಗೆ ದೊಡ್ಡ ಮೈ ಬೇಕು: ಕಾಟಿ, ಕಡವೆ, ಇಲ್ಲವೆ ಮೇಯಲು ಬಂದ ಊರ ದನ. ರಕ್ತ ಕುಡಿದು ತೃಪ್ತವಾದ ಹೆಣ್ಣು ಉಣ್ಣೆ ಕಾಡಿನ ನೆಲಕ್ಕೆ ಬಿದ್ದು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮಳೆ ಹಿಂದೆಗೆದ ಮೇಲೆ ಮರಿಗಳು ಗುಂಪುಗುಂಪಾಗಿ ಹುಲ್ಲು ತರಗೆಲೆಗಳ ಮೇಲೆ ಏರಿ, ಹಾದುಹೋಗುವ ಇಲಿಗೆ, ಕಾಡುಕೋಳಿಗೆ, ಮಂಗಕ್ಕೆ ಅಂಟಿಕೊಳ್ಳುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ಸಿದ್ದರೆ ಮರಿಯ ಮೈಯಲ್ಲೂ ಅದು ಸೇರುತ್ತದೆ. ಮರಿ ಪೊರೆ ಕಳಚಿ ಎಳೆಯ ಉಣ್ಣೆಯಾದಾಗಲೂ ವೈರಸ್ಸು ಬಿಡುವುದಿಲ್ಲ. ಈ ಎಳೆಯ ಉಣ್ಣೆಯೇ ಅಪಾಯಕಾರಿ. ಸಾಸಿವೆಯಷ್ಟು ಚಿಕ್ಕದು, ಕಚ್ಚಿದರೂ ತಿಳಿಯದು, ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನಲ್ಲಿ ಅದರದೇ ರಾಜ್ಯ.

ಈಗ ಮನುಷ್ಯನ ಪಂಚಾಂಗವನ್ನು ಇದರ ಪಕ್ಕದಲ್ಲಿಡಿ. ಡಿಸೆಂಬರಿನ ಹೊತ್ತಿಗೆ ಭತ್ತದ ಕುಯ್ಲು ಮುಗಿಯುತ್ತ ಬರುತ್ತದೆ. ಅಲ್ಲಿಂದ ಮಳೆ ಹಿಡಿಯುವವರೆಗೆ ಮಲೆನಾಡಿನವರು ಕಾಡಿಗೆ ಹೋಗುವ ಕಾಲ. ಮಳೆಗಾಲಕ್ಕೆ ಸೌದೆ ಕೂಡಿಡಬೇಕು. ಕೊಟ್ಟಿಗೆಗೆ ಹಾಸಲು ದರಗು ಬೇಕು. ಆ ದರಗೇ ಗೊಬ್ಬರವಾಗಿ ಅಡಿಕೆಯ ಬುಡ ಸೇರಬೇಕು. ಉಣ್ಣೆ ಹಸಿದಿರುವ ತಿಂಗಳುಗಳೂ ಮನುಷ್ಯ ಕಾಡಿಗೆ ಹೋಗುವ ತಿಂಗಳುಗಳೂ ಒಂದೇ. ರೋಗದ ಕಾಲವನ್ನು ನಿಶ್ಚಯಿಸುವುದು ವೈರಸ್ಸು ಮಾತ್ರವೆಂದು ತಿಳಿಯಬೇಡಿ. ನಮ್ಮ ಬೇಸಾಯದ ಪಂಚಾಂಗಕ್ಕೂ ಅದರಲ್ಲಿ ಕೈಯಿದೆ.

ಇನ್ನು ಮಂಗ. ರೋಗ ಹತ್ತಿದ ಮಂಗದ ರಕ್ತದಲ್ಲಿ ವೈರಸ್ಸು ಬಹಳವಾಗಿ ಹೆಚ್ಚುತ್ತದೆ. ಅದರ ಮೈಮೇಲಿರುವ ಉಣ್ಣೆಯ ಮರಿಗಳಿಗೆಲ್ಲ ಪಾಲು ಸಿಗುತ್ತದೆ. ಮಂಗ ಸತ್ತು ನೆಲಕ್ಕೆ ಬಿದ್ದಾಗ ಆ ಉಣ್ಣೆಗಳು ತಣ್ಣಗಾದ ಮೈಯನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಹರಡುತ್ತವೆ. ಆ ಜಾಗ ಕೆಂಡ ಚೆಲ್ಲಿದ ಜಾಗವಿದ್ದಂತೆ. ಆದುದರಿಂದಲೇ ಮಂಗ ಸತ್ತ ಸ್ಥಳದ ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ ಎರಚಬೇಕೆಂಬ ವಿಧಿ. ಅಲ್ಲಿ ನಡೆದು ಹೋದ ಮನುಷ್ಯನಿಗೆ ಉಣ್ಣೆ ಕಚ್ಚಿದರೆ, ಸುಮಾರು ಮೂರರಿಂದ ಎಂಟು ದಿನದೊಳಗೆ ಜ್ವರ ಏರುತ್ತದೆ. ರೋಗಿಗಳಲ್ಲಿ ನೂರಕ್ಕೆ ೩ರಿಂದ ೫ ಮಂದಿ ಸಾಯುತ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ವೈರಸ್ಸಿನ ಪಾಲಿಗೆ ನಾವು ಮುಂದೆ ದಾರಿಯಿಲ್ಲದ ಓಣಿ. ರೋಗವನ್ನೇ ಕೊಲ್ಲುವ ಔಷಧ ಇದುವರೆಗೆ ಇಲ್ಲ. ಜ್ವರ, ರಕ್ತಸ್ರಾವ, ನಿಶ್ಶಕ್ತಿಗಳಿಗೆ ಉಪಚಾರವುಂಟು, ಅದನ್ನು ಬೇಗ ಆರಂಭಿಸಿದಷ್ಟೂ ಒಳ್ಳೆಯದು.

ಈ ವಾಕ್ಯದಲ್ಲಿ ಎಲ್ಲರೂ ಮರೆಯುವ ಪದ ದನ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದ ಕಾರಣ ಜ್ವರದ ವೈದ್ಯರು ಅದರ ಕಡೆ ನೋಡಬೇಕಾದ ಪ್ರಸಂಗವೇ ಇಲ್ಲ. ಆದರೆ ಬಲಿತ ಉಣ್ಣೆಗೆ ಊಟವಿಕ್ಕುವುದು ಅದೇ. ಕಾಡಿನ ಕಾಟಿ ಕಡವೆಗಳು ಎಷ್ಟು ಉಣ್ಣೆಗಳನ್ನು ಸಾಕಬಲ್ಲವು? ಅವುಗಳ ಜಾಗಕ್ಕೆ ದಿನ ಬೆಳಗಾದರೆ ನೂರಾರು ದನ ಬಂದರೆ ಉಣ್ಣೆಗೆ ಸಂತರ್ಪಣೆಯೇ ಸರಿ. ಬೊಷೆಲ್ ಅವರು ೧೯೬೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎತ್ತಿ ತೋರಿಸಿದುದು ಇದನ್ನೇ: ಜನ ಹೆಚ್ಚಿದರು, ಕಾಡಿನ ನಡುವೆ ಗದ್ದೆಗಳು ಎದ್ದವು, ದೊಡ್ಡ ಮರಗಳು ಹೋದ ಕಡೆ ಪೊದೆ ಬೆಳೆಯಿತು, ದನ ಒಳಗೆ ಬಂತು, ಉಣ್ಣೆ ಹೆಚ್ಚಿತು. ಕಾಡಿನ ಮೂಲೆಯಲ್ಲಿ ಸಣ್ಣ ಪ್ರಾಣಿಗಳ ನಡುವೆ ತಣ್ಣಗೆ ಸುತ್ತುತ್ತಿದ್ದ ವೈರಸ್ಸಿಗೆ ನಾವೇ ಹೆದ್ದಾರಿ ಮಾಡಿಕೊಟ್ಟೆವು.

ಇದು ಬರಿಯ ತರ್ಕವಲ್ಲವೆಂದು ಮುಂದಿನ ಘಟನೆಗಳು ತೋರಿಸಿದವು. ೧೯೮೨ರ ಕೊನೆಗೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಕಡೆಯಲ್ಲಿ ಮಂಗಗಳು ಸತ್ತವು. ಬೆನ್ನಿಗೇ ೧೯೮೩ರಲ್ಲಿ ಕೂಲಿಗಳಿಗೆ ಜ್ವರ ಹತ್ತಿತು. ಅಲ್ಲಿಯವರೆಗೆ ಕಂಡರಿಯದ ಪ್ರಮಾಣದಲ್ಲಿ, ಸಾವಿರಕ್ಕೂ ಮಿಕ್ಕ ಜನ ಆ ಹಾವಳಿಯಲ್ಲಿ ಹಾಸಿಗೆ ಹಿಡಿದರು. ೨೦೧೨ರಲ್ಲಿ ದೂರದ ಬಂಡೀಪುರದಲ್ಲಿ ರೋಗ ಕಾಣಿಸಿತು. ಬಳಿಕ ಕೇರಳದ ವಯನಾಡು, ೨೦೧೫ರಲ್ಲಿ ಗೋವದ ಸತ್ತರಿ, ೨೦೧೬ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ೨೦೧೮ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಎದ್ದು ಹಲವು ಮನೆಗಳ ದೀಪ ಆರಿಸಿತು. ಸೊರಬದ ಒಂದು ಕಾಡಿನ ಹೆಸರು ಹೊತ್ತ ರೋಗ ಈಗ ಪಶ್ಚಿಮ ಘಟ್ಟದ ಉದ್ದಕ್ಕೂ ಚೆಲ್ಲಿಹೋಗಿದೆ.

ಬಿಡಿ ಬಿಡಿ ಪರಿಹಾರಗಳು

ಈಗ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು: ಇಷ್ಟೆಲ್ಲ ತಿಳಿದ ಮೇಲೂ ರೋಗ ಏಕೆ ಹೋಗಲಿಲ್ಲ? ಒಂದೊಂದು ಪದಕ್ಕೆ ಒಂದೊಂದು ಮದ್ದು ಹುಡುಕಿದುದೇ ಅದಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಮಂಗವನ್ನು ಕೊಲ್ಲೋಣವೆ? ಹೆಸರು ಅದರದಾದರೂ ಅಪರಾಧ ಅದರದಲ್ಲ. ಮನುಷ್ಯನಂತೆ ಅದೂ ಬಲಿಯೇ. ವೈರಸ್ಸು ಸಣ್ಣ ಪ್ರಾಣಿಗಳಲ್ಲಿ, ಉಣ್ಣೆಗಳಲ್ಲಿ ಉಳಿದೇ ಇರುತ್ತದೆ. ಮೇಲಾಗಿ ಮಂಗದ ಸಾವು ನಮಗೆ ಮೊದಲ ಎಚ್ಚರಿಕೆ. ಮಂಗವಿಲ್ಲದ ಕಾಡೆಂದರೆ ಗಂಟೆ ಕಳಚಿದ ದೇವಸ್ಥಾನ.

ದನವನ್ನು ಕಾಡಿಗೆ ಬಿಡದಿರೋಣವೆ? ಶಾಸ್ತ್ರಕ್ಕೆ ಸರಿ. ಆದರೆ ಕಟ್ಟಿ ಮೇಯಿಸಲು ಹುಲ್ಲಿಗೆ ದುಡ್ಡು ಬೇಕು. ಎರಡು ಮಲೆನಾಡು ಗಿಡ್ಡ ದನ ಇಟ್ಟುಕೊಂಡ ಭೂಮಿಯಿಲ್ಲದ ಮನೆಗೆ ಆ ದುಡ್ಡನ್ನು ಕೊಡುವವರು ಯಾರು? ಇಲ್ಲಿ ಪ್ರಶ್ನೆ ವೈದ್ಯಶಾಸ್ತ್ರದಿಂದ ಅರ್ಥಶಾಸ್ತ್ರಕ್ಕೆ ದಾಟಿತು.

ಕಾಡಿಗೆ ಹೋಗಬೇಡಿ ಎನ್ನೋಣವೆ? ಎಲ್ಲರೂ ಹೇಳುವ ಸಲಹೆ ಇದು, ಹೇಳಲು ಖರ್ಚೂ ಇಲ್ಲ. ಒಲೆಗೆ ಸೌದೆಯಿಲ್ಲದವನಿಗೆ ಇದನ್ನು ಹೇಳುವುದು, ಹಸಿದವನಿಗೆ ಪಥ್ಯ ಹೇಳಿದಂತೆ.

ಮೈಗೆ ಎಣ್ಣೆ ಹಚ್ಚೋಣವೆ? ಉಣ್ಣೆ ಹತ್ತದಂತೆ ತಡೆಯುವ ತೈಲಗಳನ್ನು, ಮೊದಲು ಡಿ.ಎಂ.ಪಿ., ಈಚೆಗೆ ಡೇಪಾ, ಹಂಚುವುದುಂಟು. ಉಪಯುಕ್ತವೇ. ಆದರೆ ಹಚ್ಚಿದ ಗುಣ ಕೆಲವೇ ಗಂಟೆಗಳದು. ಬೆವರು ಹರಿಸಿ ದುಡಿಯುವವರು ದಿನವೂ ತಪ್ಪದೆ ಹಚ್ಚಬೇಕು. ಅದು ಕಾಲಕ್ಕೆ ಸರಿಯಾಗಿ ಮನೆಗೆ ಮುಟ್ಟಬೇಕು.

ಲಸಿಕೆ? ಅದರ ಕಥೆ ಎಲ್ಲಕ್ಕಿಂತ ಬೋಧಪ್ರದ. ೧೯೯೦–೯೨ರಲ್ಲಿ ಹಳ್ಳಿಗಳಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಸಾರಿ ಚುಚ್ಚಿಸಿಕೊಂಡವರಿಗೆ ನೂರಕ್ಕೆ ೯೩ರಷ್ಟು ರಕ್ಷಣೆ ಕಂಡಿತು. ಆದರೆ ಒಂದೆರಡು ದಶಕಗಳ ಬಳಿಕ ಲೆಕ್ಕ ಹಾಕಿದಾಗ, ಎರಡು ಸಾರಿ ಪಡೆದವರಲ್ಲಿ ಅದು ನೂರಕ್ಕೆ ೬೨ರಷ್ಟಕ್ಕೆ ಇಳಿದಿತ್ತು. ಮತ್ತೆ ಬಲವರ್ಧಕ ಚುಚ್ಚುಮದ್ದು ಪಡೆದವರಲ್ಲಿ ೮೩ರಷ್ಟು. ಎರಡು ಚುಚ್ಚು, ಆಮೇಲೆ ಬಲವರ್ಧಕ, ಆಮೇಲೆ ವರ್ಷಕ್ಕೊಂದು; ಚುಚ್ಚಿದ ಜಾಗದಲ್ಲಿ ಬಹಳ ನೋವು; ಒಂದು ದಿನದ ಕೂಲಿ ಬಿಟ್ಟು ಬರಬೇಕು. ಹಲವರು ಒಂದು ಚುಚ್ಚಿಗೇ ನಿಲ್ಲಿಸಿದರು. ಕಡೆಗೆ ಗುಣ ಸಾಲದೆಂದು ಕಂಡು ಆ ಲಸಿಕೆಯನ್ನೇ ಕೈಬಿಡಲಾಯಿತು. ಹೊಸದನ್ನು ರೂಪಿಸುವ ಕೆಲಸ ನಡೆದಿದೆ. ಹೊಸ ಲಸಿಕೆ ಬರಲಿ, ಬೇಗ ಬರಲಿ. ಆದರೆ ಅದು ಕೂಲಿಯವಳ ತೋಳಿಗೆ ಮುಟ್ಟುವ ದಾರಿಯನ್ನೂ ಅದರೊಡನೆಯೇ ರೂಪಿಸದಿದ್ದರೆ, ಶೀಸೆಯೊಳಗೆ ಅದೆಷ್ಟು ಗುಣವಿದ್ದರೂ ಏನು ಫಲ?

ನೋಡಿ, ಈ ಮದ್ದುಗಳಲ್ಲಿ ಒಂದೂ ಹುಸಿಯಲ್ಲ. ಆದರೆ ಒಂದೊಂದೂ ಇನ್ನೊಂದು ಪದದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಜ್ವರದಿಂದ ಹೊರಟರೆ ಉಣ್ಣೆ, ಉಣ್ಣೆಯಿಂದ ದನ, ದನದಿಂದ ಹುಲ್ಲು, ಹುಲ್ಲಿನಿಂದ ಬಡತನ, ಬಡತನದಿಂದ ಕಾಡು, ಕಾಡಿನಿಂದ ಮತ್ತೆ ಜ್ವರ. ಪರಿಸರ, ಅರ್ಥವ್ಯವಸ್ಥೆ, ಜನಾರೋಗ್ಯ ಎಂದು ನಾವು ಮೂರು ಪುಸ್ತಕಗಳಲ್ಲಿ ಓದುವುದನ್ನು ಕಾಡಂಚಿನ ಒಂದು ಗುಡಿಸಲು ಒಂದೇ ದಿನದಲ್ಲಿ ಬಾಳುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ‘ಎಲ್ಲಕ್ಕೂ ಎಲ್ಲದರ ಸಂಬಂಧವಿದೆ’ ಎಂದು ಗಂಭೀರವಾಗಿ ನುಡಿದು ಕೈಕಟ್ಟಿ ಕೂರುವುದು ಸಮಗ್ರ ದೃಷ್ಟಿಯಾಗಲಾರದು. ಅನ್ವಯವೆಂದರೆ ಎಲ್ಲ ಪದಗಳನ್ನೂ ಒಂದೇ ಗಂಟಿನಲ್ಲಿ ಕಟ್ಟುವುದಲ್ಲ. ಯಾವುದಕ್ಕೆ ಯಾವುದು ನಿಜವಾಗಿ ಸೇರುತ್ತದೆಂದು ವಿಭಕ್ತಿ ಪ್ರತ್ಯಯವನ್ನು ನೋಡಿ ನಿರ್ಣಯಿಸುವುದು. ಹಕ್ಕಿಗೂ ರೋಗಕ್ಕೂ ಸಂಬಂಧವಿರಬಹುದೆಂದು ತೋರಿತು, ಪುರಾವೆ ಸಿಗಲಿಲ್ಲ. ದನಕ್ಕೂ ರೋಗಕ್ಕೂ ಸಂಬಂಧವಿಲ್ಲವೆಂದು ತೋರಿತು. ಉಣ್ಣೆ ಎಣಿಸಿದಾಗ ಇದೆಯೆಂದು ತಿಳಿಯಿತು. ಇಡಿಯನ್ನು ನೋಡುವವನು ಬಿಡಿಯನ್ನು ಇತರರಿಗಿಂತ ಹೆಚ್ಚು ಶ್ರದ್ಧೆಯಿಂದ ಎಣಿಸಬೇಕಾಗುತ್ತದೆ.

ಈಚೆಗೆ ಅಂಥ ಪ್ರಯತ್ನವೊಂದು ನಡೆದಿದೆ. ೨೦೧೮ರಲ್ಲಿ ಆರಂಭವಾದ, ಬ್ರಿಟನ್ ಮತ್ತು ಭಾರತದ ಸಂಸ್ಥೆಗಳು ಕೂಡಿ ನಡೆಸಿದ ಸಂಶೋಧನೆಯಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯೂ ಪಾಲ್ಗೊಂಡಿತು. ವೈದ್ಯರು, ಅರಣ್ಯದವರು, ಪಶುಪಾಲನೆಯವರು, ಸಮಾಜವನ್ನು ಅಭ್ಯಾಸಮಾಡುವವರು ಒಂದು ಮೇಜಿನ ಸುತ್ತ ಕುಳಿತು, ಯಾವ ಲೆಕ್ಕ ಸೇರಿಸಬೇಕು, ಎಂಥ ನಕ್ಷೆ ಬೇಕು ಎಂದು ಕೂಡಿ ನಿರ್ಧರಿಸಿದರು. ೨೦೨೦ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ತೇವದ ನಿತ್ಯಹರಿದ್ವರ್ಣ ಕಾಡೂ ತೋಟಗಳೂ ಕಲೆಬೆರಕೆಯಾಗಿ ಹೆಣೆದುಕೊಂಡಿರುವ, ನಾಟಿ ದನಗಳು ಹೆಚ್ಚಾಗಿರುವ ಕಡೆಗಳಲ್ಲಿ ರೋಗ ಏಳುವ ಸಂಭವ ಹೆಚ್ಚು. ಇದರ ಪ್ರಯೋಜನ ಸ್ಪಷ್ಟ: ಮಂಗ ಸಾಯುವ ಮೊದಲೇ, ಯಾವ ಹಳ್ಳಿಗೆ ಮೊದಲು ತೈಲ ಹೋಗಬೇಕು, ಯಾವ ಕಡೆ ಮೊದಲು ಕಣ್ಣಿಡಬೇಕು ಎಂದು ಹೇಳಬಹುದು. ಕುರುಡರು ಜಗಲಿಯ ಮೇಲೆ ಕುಳಿತು ಮಾತಾಡಿದರು. ಆನೆಯ ಆಕಾರ ಸ್ವಲ್ಪ ಕಂಡಿತು.

ತಾತ್ಪರ್ಯ

ಪಟ್ಟಣದ ಮನೆಯಲ್ಲಿ, ರೇಡಿಯೋದ ಪಕ್ಕದಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೆ ‘ಕಾಡಿನ ಮಾತು ನಮಗೇಕೆ?’ ಎನ್ನಿಸಬಹುದು. ಊಟವಾದ ಮೇಲೆ ನೀವು ಹಾಕಿಕೊಳ್ಳುವ ಅಡಿಕೆಯ ಬುಡಕ್ಕೆ ಆ ಕಾಡಿನ ದರಗು ಬಿದ್ದಿದೆ. ಹಬ್ಬದ ಪಾಯಸಕ್ಕೆ ಹಾಕುವ ಗೋಡಂಬಿಗಾಗಿ ಒಂದು ಗುಡ್ಡದ ಕಾಡು ಬೋಳಾಗಿರಬಹುದು. ಈ ವಾಕ್ಯದಲ್ಲಿ ಎಂಟನೆಯ ಪದ ನೀವು ಮತ್ತು ನಾನು.

ಆದುದರಿಂದ ನಾವು ಮಾಡಬಹುದಾದ ಕೆಲವು ಕೆಲಸಗಳಿವೆ. ಮಲೆನಾಡಿನಲ್ಲಿ ನಿಮ್ಮ ನೆಂಟರಿರಬಹುದು, ತೋಟವಿರಬಹುದು, ರಜೆಯಲ್ಲಿ ಮಕ್ಕಳು ಹೋಗಬಹುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ತೊಟ್ಟು, ತೈಲ ಹಚ್ಚಿ ಹೋಗಲಿ. ಬಂದ ಕೂಡಲೆ ಬಟ್ಟೆ ಬದಲಿಸಿ ಬಿಸಿನೀರು ಸೋಪಿನಿಂದ ಸ್ನಾನಮಾಡಲಿ. ಸತ್ತ ಮಂಗ ಕಂಡರೆ ಯಾರೂ ಮುಟ್ಟದಿರಲಿ; ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಆಗಲೇ ತಿಳಿಸಲಿ. ಕಾಡಿಗೆ ಹೋಗಿಬಂದ ವಾರದೊಳಗೆ ಜ್ವರ ಬಂದರೆ, ವೈದ್ಯರ ಮುಂದೆ ಜ್ವರವನ್ನು ಮಾತ್ರ ಹೇಳಬೇಡಿ, ಕಾಡನ್ನೂ ಹೇಳಿ. ತೋಟದ ಯಜಮಾನರಾದವರು, ಜ್ವರದಿಂದ ಮಲಗಿದ ಆಳಿನ ಮನೆಗೆ ಆ ತಿಂಗಳ ಸೌದೆ ಅಕ್ಕಿಗಳ ವ್ಯವಸ್ಥೆ ಮಾಡಿದರೆ, ಅದು ಧರ್ಮವೂ ಹೌದು, ಔಷಧವೂ ಹೌದು. ಆ ಮನೆಯಿಂದ ಇನ್ನೊಬ್ಬರು ಕಾಡಿಗೆ ಹೋಗುವುದು ತಪ್ಪುತ್ತದೆ.

ಇನ್ನು ಒಂದು ಮಾತು ಉಳಿದಿದೆ. ಅರಣ್ಯ ರಕ್ಷಕನ ದಿನಚರಿಯಲ್ಲಿ ಮಂಗ ಸತ್ತ ದಿನಾಂಕವಿರುತ್ತದೆ. ಪಶುವೈದ್ಯರ ಪುಸ್ತಕದಲ್ಲಿ ದನದ ಲೆಕ್ಕವಿರುತ್ತದೆ. ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಜ್ವರದ ಲೆಕ್ಕವಿರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಬಾರದ ಮಕ್ಕಳ ಗುರುತಿರುತ್ತದೆ. ನಾಲ್ಕೂ ಸರ್ಕಾರದ ಪುಸ್ತಕಗಳೇ, ನಾಲ್ಕೂ ಒಂದೇ ಹಳ್ಳಿಯವೇ. ನಾಲ್ಕನ್ನೂ ಒಟ್ಟಿಗೆ ತೆರೆದಿಟ್ಟು ಓದುವವರು ಬೇಕು.

ನನ್ನ ಪಾಲಿನ ಪುಸ್ತಕದ ಮಟ್ಟಿಗೆ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಕುಯ್ಲು ಕಳೆದ ಮೇಲೆ, ಕಾಡಂಚಿನ ಹಳ್ಳಿಯ ಮಗು ಎರಡು ದಿನ ಬಾರದಿದ್ದರೆ ಗದರುವುದಿಲ್ಲ. ಪಕ್ಕದ ಮನೆಯ ಮಗುವನ್ನು ಕರೆದು ಕೇಳುತ್ತೇನೆ. ಮನೆಯಲ್ಲಿ ಜ್ವರವೆಂದರೆ ಆರೋಗ್ಯ ಕೇಂದ್ರಕ್ಕೆ ಅಂದೇ ಹೇಳಿಕಳುಹಿಸುತ್ತೇನೆ. ಗೈರುಹಾಜರಿಯ ಗುರುತಿನ ಪಕ್ಕದಲ್ಲಿ ಪೆನ್ಸಿಲಿನಿಂದ ಕಾರಣವನ್ನೂ ಬರೆದಿಡುತ್ತೇನೆ. ಅಂದು ಗದರಿಸಿಕೊಂಡ ಆ ಹುಡುಗಿ ನನಗೆ ಕಲಿಸಿದ ಪಾಠವಿದು.